ಹೆಬ್ಬೆರಳಿನ ಪಥ್ಯ



ಬಂಟ್ವಾಳದವನಿಗೆ ಬೂತಾಯಿ ಬಿಡೆಂದು ಹೇಳುವುದು ಸುಲಭದ ಮಾತಲ್ಲ. ಜೂನ್, ಜುಲೈಗಳಲ್ಲಿ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದಿಲ್ಲ. ಆ 61 ದಿನಗಳನ್ನು ಒಣಮೀನಿನ ಚಟ್ನಿಯಲ್ಲಿ ನೂಕಿದ ನಾಲಗೆ ಆಗಸ್ಟಿನಲ್ಲಿ ಹಸಿಮೀನನ್ನು ಕಂಡರೆ ಸಂಯಮ ಮರೆಯುತ್ತದೆ. ಅಂಥದೊಂದು ಆಗಸ್ಟಿನಲ್ಲಿ, ಮೂರು ದಿನ ಎಡೆಬಿಡದೆ ಬೂತಾಯಿ ಪುಳಿಮುಂಚಿ ಉಂಡವನನ್ನು ನಡುರಾತ್ರಿ ಬಲಗಾಲಿನ ಹೆಬ್ಬೆರಳು ಎಬ್ಬಿಸಿತು. ಹೊದಿಕೆಯ ಅಂಚು ತಗಲಿದರೂ ಪ್ರಾಣ ಹೋದಂತಾಗುತ್ತಿತ್ತು. ಮುಳ್ಳು ನಟ್ಟಿರಬೇಕೆಂದು ನನ್ನ ಹೆಂಡತಿ ದೀಪ ಹಿಡಿದು ಹುಡುಕಿದಳು.

ಮುಳ್ಳು ಒಳಗೇ ಇತ್ತು. ಮೀನು ಮಾಂಸಗಳಲ್ಲಿಯೂ ನಮ್ಮದೇ ಜೀವಕೋಶಗಳಲ್ಲಿಯೂ ಇರುವ ಪ್ಯೂರಿನ್ ಎಂಬ ವಸ್ತು ಒಡೆದು ಯೂರಿಕ್ ಆಮ್ಲವಾಗುತ್ತದೆ. ಮೂತ್ರಪಿಂಡಗಳು ಅದನ್ನು ಸಾಕಷ್ಟು ಹೊರಹಾಕದೆ, 100 ಮಿಲಿಲೀಟರ್ ರಕ್ತದಲ್ಲಿ ಸುಮಾರು 6.8 ಮಿಲಿಗ್ರಾಮನ್ನು ಮೀರಿದರೆ, ಸೂಜಿಯಂಥ ಹರಳುಗಳಾಗಿ ಕೀಲುಗಳಲ್ಲಿ ಕೂರಬಹುದು. ಇದೇ ಗೌಟ್. ಆಯುರ್ವೇದದ ವಾತರಕ್ತ ಇದಕ್ಕೆ ಬಲು ಹತ್ತಿರದ್ದು. ಅದಕ್ಕೆ ಆಢ್ಯವಾತ, ಎಂದರೆ ಸಿರಿವಂತರ ವಾತ, ಎಂಬ ಹೆಸರೂ ಉಂಟು. ಅದನ್ನು ಕೇಳಿ ನನ್ನ ಬ್ಯಾಂಕಿನ ಪಾಸ್‌ಬುಕ್ಕು ನಕ್ಕಿರಬೇಕು.

ಪಥ್ಯ ಹೇಳುವವರಿಗೆ ನಮ್ಮಲ್ಲಿ ಬರವಿಲ್ಲ. ಬೆಳ್ತಂಗಡಿಯ ಭಾವನವರು, "ಆಮ್ಲವೆಂದರೆ ಹುಳಿಯಲ್ಲವೆ ಭಾವ? ಪುನರ್ಪುಳಿ, ಮಜ್ಜಿಗೆ ಎರಡನ್ನೂ ಮುಟ್ಟಬೇಡಿ" ಎಂದು ಎರಡು ಲೋಟ ಬೆಲ್ಲದ ಪಾನಕ ಕುಡಿಸಿದರು. ಇನ್ನೊಬ್ಬರ ಮಾತಿಗೆ ತೊಗರಿ, ಹುರುಳಿ, ಬಸಳೆ ಬಿಟ್ಟೆ. ಅಮೆರಿಕದಲ್ಲಿ 47,150 ಗಂಡಸರನ್ನು 12 ವರ್ಷ ಗಮನಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನವೊಂದನ್ನು ವೈದ್ಯರು ವಿವರಿಸಿದಾಗಲೇ ನನಗೆ ನಾಚಿಕೆಯಾದದ್ದು. ಮಾಂಸ, ಮೀನು ಹೆಚ್ಚು ತಿಂದವರಲ್ಲಿ ಗೌಟ್ ಹೆಚ್ಚಿತ್ತು. ಪ್ಯೂರಿನ್ ಇರುವ ತರಕಾರಿಗಳಿಂದ ಹೆಚ್ಚಲಿಲ್ಲ. ಕೊಬ್ಬು ತೆಗೆದ ಹಾಲು ಮೊಸರು ಬಳಸಿದವರಲ್ಲಿ ಕಡಿಮೆಯೇ ಇತ್ತು. ನಾನು ದೂರವಿಟ್ಟ ಮಜ್ಜಿಗೆ ಮಿತ್ರ. ಕುಡಿದ ಪಾನಕದ ಸಿಹಿಯೇ ಯೂರಿಕ್ ಆಮ್ಲವನ್ನು ಏರಿಸುವಂಥದು! ಬಿಯರಿನ ಮಾತು ಬೇರೆ ಹೇಳಬೇಕಾಗಿಲ್ಲ.

ಆದರೆ ಎಲ್ಲ ಹೊಣೆಯನ್ನೂ ಊಟದ ಮೇಲೆ ಹೊರಿಸುವುದು ನ್ಯಾಯವಲ್ಲ. ಮೂಡುಬಿದಿರೆಯಲ್ಲಿ ನನಗೊಬ್ಬ ಜೈನ ಸ್ನೇಹಿತರಿದ್ದಾರೆ. ಮಾಂಸವನ್ನು ಮುಟ್ಟಿದವರಲ್ಲ, ಸೂರ್ಯಾಸ್ತದ ಮೇಲೆ ಉಂಡವರಲ್ಲ. ಅವರಿಗೂ ಗೌಟ್ ಬಂತು. ರಕ್ತದೊತ್ತಡಕ್ಕೆಂದು ನುಂಗುತ್ತಿದ್ದ, ಮೂತ್ರ ಹೆಚ್ಚಿಸುವ ಮಾತ್ರೆ ಅದಕ್ಕೆ ಕಾರಣವಾಗಿತ್ತು. ವೈದ್ಯರು ಅದನ್ನು ಬದಲಿಸಿದರು. "ಏನು ಪಾಪ ತಿಂದಿರಿ?" ಎಂದು ಕೇಳಿದವರಿಗೆ ಉತ್ತರಿಸುವುದೇ ಅವರಿಗೆ ನೋವಿಗಿಂತ ಕಷ್ಟವಾಗಿತ್ತು.

ನನ್ನ ತಪ್ಪು ಇದಕ್ಕೆ ತಿರುಗುಮುರುಗು. ನೋವು ಮಾಯವಾದೊಡನೆ, ಪಥ್ಯವಿದೆಯಲ್ಲ ಎಂಬ ಧೈರ್ಯದಿಂದ ಅಲೋಪ್ಯೂರಿನಾಲ್ ಮಾತ್ರೆಯನ್ನು ನಿಲ್ಲಿಸಿದೆ. ಮರುವರ್ಷ ಮೊಣಕಾಲೇ ಊದಿತು. ತಂಗಿಯ ಮಗಳ ಮದುವೆಯನ್ನು ಕುರ್ಚಿಯಲ್ಲಿ ಕುಳಿತು ನೋಡಿದೆ. ಕಟ್ಟುನಿಟ್ಟಾದ ಪಥ್ಯದಿಂದ ಸಾಮಾನ್ಯವಾಗಿ ಇಳಿಯುವುದು ಸುಮಾರು ಒಂದು ಮಿಲಿಗ್ರಾಂ. ನನ್ನದು ಒಂಬತ್ತು ಇತ್ತು, ಆರಕ್ಕಿಂತ ಕೆಳಗಿಳಿಯಬೇಕಿತ್ತು. ಉಳಿದ ಲೆಕ್ಕವನ್ನು ಮಾತ್ರೆಯೇ ತುಂಬಬೇಕು.

ಈಗ ಬೆಳಗ್ಗೆ ಕುಚ್ಚಲಕ್ಕಿ ಗಂಜಿ, ಮಧ್ಯಾಹ್ನ ಬಸಳೆ ಪದಾರ್ಥ, ಮಜ್ಜಿಗೆ. ರಾತ್ರಿ ತಪ್ಪದೆ ಮಾತ್ರೆ. ಹದಿನೈದು ದಿನಕ್ಕೊಮ್ಮೆ ನನ್ನ ಬಟ್ಟಲಿಗೆ ಎರಡು ಬೂತಾಯಿ ಬೀಳುತ್ತವೆ. ಮೂರನೆಯದನ್ನು ಹೆಂಡತಿ ಬೆಕ್ಕಿಗೆ ಹಾಕುತ್ತಾಳೆ, ನನ್ನೆದುರಿಗೇ.