ಕೌನ್ಸಿಲರಮ್ಮ ನೆಟ್ಟ ಮರಗಳು



ಬಡವರಿಗೆ ಏನು ಬೇಕು ಎಂದು ಯಾರನ್ನಾದರೂ ಕೇಳಿ ನೋಡಿ. ಅನ್ನ, ಬಟ್ಟೆ, ಮನೆ, ಔಷಧಿ ಎನ್ನುತ್ತಾರೆ. ಹೂವು ಎಂದು ಯಾರೂ ಹೇಳುವುದಿಲ್ಲ, ಹೇಳಿದರೆ ನಕ್ಕುಬಿಡುತ್ತೇವೆ. ಲಂಡನ್ನಿನಲ್ಲಿ ಏಡಾ ಸಾಲ್ಟರ್ ಎಂಬ ಸಮಾಜವಾದಿ ಹೆಣ್ಣುಮಗಳು ಆ ಪಟ್ಟಿಗೆ ಹೂವನ್ನೂ ಸೇರಿಸಿದರು. ಭಾಷಣದಲ್ಲಿ ಸೇರಿಸಿ ಸುಮ್ಮನಾಗಲಿಲ್ಲ, ಕೌನ್ಸಿಲಿನ ಕೆಲಸದ ಪಟ್ಟಿಗೇ ಸೇರಿಸಿಬಿಟ್ಟರು.

ಏಡಾ ಹುಟ್ಟಿದ್ದು 1866ರಲ್ಲಿ, ನಾರ್ಥಾಂಪ್ಟನ್‌ಷೈರಿನ ರಾಂಡ್ಸ್ ಎಂಬ ಊರಿನಲ್ಲಿ. ಮೆಥಡಿಸ್ಟ್ ಮನೆತನ. ಮೂವತ್ತು ದಾಟಿದ ಮೇಲೆ ಅವರು ಲಂಡನ್ನಿನ ಬರ್ಮಂಡ್ಸಿಗೆ ಬಂದರು. ಥೇಮ್ಸ್ ನದಿಯ ದಕ್ಷಿಣ ದಡದ ಆ ಪ್ರದೇಶದಲ್ಲಿ ಹಡಗುಕಟ್ಟೆ, ಗೋದಾಮು, ಚರ್ಮ ಹದ ಮಾಡುವ ಕಾರ್ಖಾನೆ, ಜಾಮು, ಬಿಸ್ಕತ್ತು. ತೊಗಲಿನ ನಾತ ಮತ್ತು ಬೇಯುತ್ತಿರುವ ಹಣ್ಣಿನ ಸಿಹಿವಾಸನೆ ಒಂದೇ ಬೀದಿಯಲ್ಲಿ. ಓದಿದವರು ಬಂದು ಬಡವರ ನಡುವೆ ಇದ್ದು ಸೇವೆ ಮಾಡುವ ಒಂದು ಕೇಂದ್ರ ಅಲ್ಲಿತ್ತು. ಏಡಾ ಕಾರ್ಖಾನೆಯ ಹುಡುಗಿಯರಿಗಾಗಿ ಕ್ಲಬ್ಬು ನಡೆಸಿದರು. ಗೈಸ್ ಆಸ್ಪತ್ರೆಯಲ್ಲಿ ಕಲಿತ ಆಲ್‌ಫ್ರೆಡ್ ಸಾಲ್ಟರ್ ಎಂಬ ತರುಣ ವೈದ್ಯ ಅಲ್ಲಿಯೇ ಪರಿಚಯವಾದರು. 1900ರಲ್ಲಿ ಮದುವೆ. ಸಂಶೋಧನೆಯಲ್ಲಿ ದೊಡ್ಡ ಹೆಸರು ಮಾಡಬಹುದಾಗಿದ್ದ ಮನುಷ್ಯ ಅದೇ ಬೀದಿಗಳಲ್ಲಿ ದವಾಖಾನೆ ತೆರೆದು ಆರು ಪೆನ್ನಿ ಫೀಸಿಗೆ ಕೂತರು. ಅದೂ ಇಲ್ಲದವರಿಗೆ ಪುಕ್ಕಟೆ.

ಇಲ್ಲಿಯವರೆಗೆ ಇದು ನಾವು ಹಲವು ಸಲ ಕೇಳಿರುವಂಥ ಸೇವೆಯ ಕಥೆ. 1902ರಲ್ಲಿ ಮಗಳು ಹುಟ್ಟಿದಳು. ಹೆಸರು ಜಾಯ್ಸ್. ಆಗ ಗಂಡ ಹೆಂಡತಿಯ ಮುಂದೆ ಒಂದು ಪ್ರಶ್ನೆ ಬಂತು. ಕೈಲಾದವರು ಮಕ್ಕಳನ್ನು ಇಂಥ ಜಾಗದಲ್ಲಿ ಬೆಳೆಸುತ್ತಿರಲಿಲ್ಲ. ಇವರು ಬೆಳೆಸಿದರು. ನೆರೆಯವರ ಮಕ್ಕಳು ಹೋಗುವ ಶಾಲೆಗೇ ಅವಳೂ ಹೋದಳು. 1910ರಲ್ಲಿ ಸ್ಕಾರ್ಲೆಟ್ ಫೀವರ್ ಎಂಬ ಅಂಟುಜ್ವರ ಬಂದು, ಎಂಟು ವರ್ಷದ ಜಾಯ್ಸ್ ತೀರಿಕೊಂಡಳು. ಅವರಿಗೆ ಇದ್ದದ್ದು ಅವಳೊಬ್ಬಳೇ.

ಇದನ್ನು ತ್ಯಾಗ ಎಂದು ಕೊಂಡಾಡಲು ನನಗೆ ಬಾಯಿ ಬರುವುದಿಲ್ಲ. ತತ್ವ ಹೆತ್ತವರದು, ಪಣಕ್ಕೆ ಬಿದ್ದದ್ದು ಮಗು. ಆದರೆ ಬಯ್ಯಲಿಕ್ಕೂ ಮನಸ್ಸು ಒಪ್ಪುವುದಿಲ್ಲ. ಅದೇ ಬೀದಿಗಳಲ್ಲಿ ಎಷ್ಟು ತಾಯಂದಿರ ಮಡಿಲು ಹೀಗೆಯೇ ಬರಿದಾಗುತ್ತಿತ್ತು! ಬೇರೆ ಕಡೆ ಹೋಗುವ ದಾರಿಯೇ ಅವರಿಗಿರಲಿಲ್ಲ. ಅವರ ಮಕ್ಕಳ ಹೆಸರು ನಮಗೆ ಗೊತ್ತಿಲ್ಲ, ಡಾಕ್ಟರ ಮಗಳ ಹೆಸರು ಗೊತ್ತಿದೆ. ಈ ವ್ಯತ್ಯಾಸ ಏಡಾಗೂ ಚುಚ್ಚಿರಬೇಕು. ಮಗಳು ಹೋದ ಮೇಲಾದರೂ ಅವರು ಊರು ಬಿಡಬಹುದಿತ್ತು. ಬಿಡಲಿಲ್ಲ.

ಮಗಳು ಸಾಯುವ ಹಿಂದಿನ ವರ್ಷವಷ್ಟೇ, 1909ರ ನವೆಂಬರಿನಲ್ಲಿ, ಏಡಾ ಬರ್ಮಂಡ್ಸಿ ಕೌನ್ಸಿಲಿಗೆ ಗೆದ್ದಿದ್ದರು. ಅಲ್ಲಿಯ ಮೊದಲ ಮಹಿಳಾ ಸದಸ್ಯೆ. ಹೆಂಗಸರು ಕೌನ್ಸಿಲಿಗೆ ನಿಲ್ಲಲು ಕಾನೂನು ಅವಕಾಶ ಕೊಟ್ಟದ್ದೇ 1907ರಲ್ಲಿ. ಮೊದಲು ಲಿಬರಲ್ ಪಕ್ಷದಲ್ಲಿದ್ದವರು, ಆ ಪಕ್ಷ ಹೆಂಗಸರ ಮತದಾನದ ವಿಷಯದಲ್ಲಿ ಕೈಕೊಟ್ಟಾಗ ಇಂಡಿಪೆಂಡೆಂಟ್ ಲೇಬರ್ ಪಾರ್ಟಿಗೆ ಬಂದಿದ್ದರು. 1911ರ ಆಗಸ್ಟಿನ ಸುಡುಬಿಸಿಲಿನಲ್ಲಿ ಬರ್ಮಂಡ್ಸಿಯ ಜಾಮು, ಬಿಸ್ಕತ್ತು ಕಾರ್ಖಾನೆಗಳ ಸುಮಾರು 14 ಸಾವಿರ ಹೆಂಗಸರು ಕೂಲಿ ಹೆಚ್ಚಿಸಿ ಎಂದು ಹೊರಗೆ ಬಂದರು. ಕಾರ್ಮಿಕ ನಾಯಕಿ ಮೇರಿ ಮೆಕಾರ್ಥರ್ ಮುಂದೆ ನಿಂತು ಸಂಘ ಕಟ್ಟಿದರೆ, ಏಡಾ ಮುಷ್ಕರದವರ ಹೊಟ್ಟೆ ನೋಡಿಕೊಂಡರು. ಬಹುತೇಕ ಕಾರ್ಖಾನೆಗಳಲ್ಲಿ ಕೂಲಿ ಏರಿತು.

1922ರಲ್ಲಿ ಕೌನ್ಸಿಲಿನಲ್ಲಿ ಲೇಬರ್ ಪಕ್ಷ ಬಹುಮತ ಪಡೆದಾಗ ಏಡಾ ಬರ್ಮಂಡ್ಸಿಯ ಮೇಯರ್ ಆದರು. ಲಂಡನ್ನಿನಲ್ಲಿ ಮೇಯರಿನ ಕುರ್ಚಿಯಲ್ಲಿ ಕೂತ ಮೊದಲ ಹೆಣ್ಣು. ಮೇಯರಿನ ನಿಲುವಂಗಿ, ಬಂಗಾರದ ಸರ ಬೇಡವೆಂದರು. ಇಷ್ಟನ್ನು ಯಾರಾದರೂ ಮಾಡಬಹುದು, ಸರಳತೆಗೆ ಚಪ್ಪಾಳೆ ಬೇಗ ಬೀಳುತ್ತದೆ. ನಿಜವಾದ ಕೆಲಸ ನಡೆದದ್ದು 1920ರಲ್ಲಿ ಶುರುವಾದ ಕೌನ್ಸಿಲಿನ ಸೌಂದರ್ಯ ಸಮಿತಿಯಲ್ಲಿ. ಬೀದಿಬೀದಿಗೆ ಮರ ನೆಟ್ಟರು. ಚರ್ಚಿನ ಹಳೆಯ ಸ್ಮಶಾನಗಳನ್ನು ಮಕ್ಕಳು ಆಡುವ ತೋಟ ಮಾಡಿದರು. ಮನೆಯ ಕಿಟಕಿಗಳಲ್ಲಿ ಹೂಕುಂಡ ಇಡುವಂತೆ ಜನರನ್ನು ಹುರಿದುಂಬಿಸಿದರು. 1930ರ ದಶಕ ಮುಗಿಯುವ ಹೊತ್ತಿಗೆ ಹೊಗೆ ತುಂಬಿದ ಆ ಬೀದಿಗಳಲ್ಲಿ ಸುಮಾರು 9 ಸಾವಿರ ಮರಗಳಿದ್ದವು.

ಹೊಟ್ಟೆಗಿಲ್ಲದವನಿಗೆ ಹೂವೇಕೆ? ಈ ಪ್ರಶ್ನೆ ನಮ್ಮೊಳಗೂ ಏಳುತ್ತದೆ. ಅದೇ ಕೌನ್ಸಿಲು ಕ್ಷಯರೋಗಿಗಳಿಗೆ ಬೆಳಕಿನ ಚಿಕಿತ್ಸೆ ಕೊಡುವ ಕೇಂದ್ರ ತೆರೆಯಿತು, ಆರೋಗ್ಯದ ಕಿರುಚಿತ್ರ ತಾನೇ ತಯಾರಿಸಿ ವ್ಯಾನಿನಲ್ಲಿ ತಂದು ಬೀದಿಯಲ್ಲೇ ತೋರಿಸಿತು. ಏಡಾ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯಲಿಲ್ಲ. ಆದರೆ ಹೊಟ್ಟೆ ತುಂಬಿದ ಮೇಲೆ ಹೂವು ಎನ್ನುವ ಮಾತನ್ನು ಹೇಳುವವರು ಸಾಮಾನ್ಯವಾಗಿ ಹೊಟ್ಟೆ ತುಂಬಿದವರೇ, ಅವರ ಅಂಗಳದಲ್ಲಿ ಹೂವು ಆಗಲೇ ಇರುತ್ತದೆ. ನಮ್ಮ ಮನೆಗೆ ಬೇಕೆನಿಸಿದ ನೆರಳು, ಬಣ್ಣ, ಕೂರಲು ಒಂದು ಹಸಿರು ಜಾಗ, ಇವು ಪಕ್ಕದ ಬೀದಿಗೆ ಬಂದಾಗ ಯಾಕೆ ದುಂದು ಎನಿಸಿಬಿಡುತ್ತವೆ?

ಎಲ್ಲವೂ ಅವರು ಎಣಿಸಿದಂತೆ ಆಗಲಿಲ್ಲ. ಕೊಳೆಗೇರಿಗಳನ್ನು ತೆಗೆದು ಕೈತೋಟವಿರುವ ಪುಟ್ಟ ಮನೆಗಳನ್ನು ಕಟ್ಟುವ ಕನಸು ವಿಲ್ಸನ್ ಗ್ರೋವ್ ಎಂಬ ಬೀದಿಯ ಸುತ್ತಮುತ್ತ ಮಾತ್ರ ನನಸಾಯಿತು. ಉಳಿದ ಕಡೆ ಎದ್ದದ್ದು ಮಹಡಿಯ ಮೇಲೆ ಮಹಡಿ. ಯುದ್ಧವನ್ನು ಜೀವಮಾನವಿಡೀ ವಿರೋಧಿಸಿದ ದಂಪತಿಯ ಮನೆಗೆ ಎರಡನೆಯ ಮಹಾಯುದ್ಧದಲ್ಲಿ ಬಾಂಬು ಬಿತ್ತು. 1942ರ ಡಿಸೆಂಬರಿನಲ್ಲಿ ಏಡಾ ತೀರಿಕೊಂಡರು.

1991ರಲ್ಲಿ ನದಿಯ ದಡದಲ್ಲಿ ಕಂಚಿನ ವಿಗ್ರಹಗಳನ್ನು ಇಟ್ಟರು. ಬೆಂಚಿನ ಮೇಲೆ ಮುದುಕ ಆಲ್‌ಫ್ರೆಡ್, ಸ್ವಲ್ಪ ದೂರದಲ್ಲಿ ಮಗಳು, ಒಂದು ಬೆಕ್ಕು. ಬೆಕ್ಕಿಗೂ ಜಾಗವಿತ್ತು, ಏಡಾಗೆ ಇರಲಿಲ್ಲ. 2011ರಲ್ಲಿ ಆಲ್‌ಫ್ರೆಡರ ವಿಗ್ರಹವನ್ನು ಯಾರೋ ಕದ್ದೊಯ್ದರು. ಜನ ಹಣ ಕೂಡಿಸಿದರು. 2014ರಲ್ಲಿ ಹೊಸ ವಿಗ್ರಹದ ಜೊತೆಗೆ, ಕೈಯಲ್ಲಿ ಸನಿಕೆ ಹಿಡಿದ ಏಡಾ ಕೂಡ ಬಂದು ನಿಂತರು. ಆ ಕಳ್ಳತನ ನಡೆಯದಿದ್ದರೆ ಅವರ ಸರದಿ ಯಾವಾಗ ಬರುತ್ತಿತ್ತೋ!