ಮುಗಿಯದ ಕೆಲಸಕ್ಕೊಂದು ಲೆಕ್ಕದ ಪುಸ್ತಕ

ಮುಂಬಯಿಯ ಮಾಟುಂಗದಿಂದ ಮಾತಾಡ್ತಾ ಇದ್ದೀನಿ. ನಡುವೆ ಕುಕ್ಕರ್ ಕೂಗಿದರೆ ಬೇಜಾರು ಮಾಡ್ಕೋಬೇಡಿ. ನಮ್ಮದು ಒಂದು ರೂಮು, ಒಂದು ಹಾಲ್. ಅಡುಗೆಮನೆಗೆ ಬಾಗಿಲೇ ಇಲ್ಲ.

ಇವತ್ತು ಮೂರು ವಿಷಯ ಒಟ್ಟಿಗೆ ಮಾತಾಡೋಣ. ಒಂದು ಮನೆಗೆಲಸ. ಎರಡು, ಮತ್ತೆ ಕೆಲಸಕ್ಕೆ ಹೋಗಬೇಕಾ ಬೇಡ್ವಾ ಅನ್ನೋ ಗೊಂದಲ. ಮೂರು, ಕಾರಣವೇ ಗೊತ್ತಾಗದೆ ಮಂಕಾಗಿ ಕೂತುಬಿಡೋ ಮನಸ್ಸು. ಮನೆಗೆಲಸದ ಬಗ್ಗೆ ನಾವು ಗಂಡನ ಹತ್ರ ಜಗಳ ಆಡ್ತೀವಿ. ಉದ್ಯೋಗದ ಬಗ್ಗೆ ಹಳೇ ಸ್ನೇಹಿತೆಯ ಹತ್ರ ಮಾತಾಡ್ತೀವಿ. ಮನಸ್ಸಿನ ಬಗ್ಗೆ ಮಾತ್ರ ಯಾರ ಹತ್ರಾನೂ ಮಾತಾಡಲ್ಲ. ನನ್ನ ಮಟ್ಟಿಗೆ ಈ ಮೂರೂ ಒಂದೇ ಗಂಟಿನ ಎಳೆಗಳು. ಆ ಗಂಟನ್ನ ನಾನು ಹೇಗೆ ಸ್ವಲ್ಪ ಸಡಿಲ ಮಾಡ್ಕೊಂಡೆ ಅಂತ ಹೇಳ್ತೀನಿ. ಪೂರ್ತಿ ಬಿಚ್ಚಿದೀನಿ ಅಂತ ಹೇಳಲ್ಲ.

ನಾನು ಅಕೌಂಟ್ಸ್‌ನವಳು. ಒಂಬತ್ತು ವರ್ಷ ಒಂದು ಕಂಪನಿಯಲ್ಲಿ ಲೆಕ್ಕಪತ್ರ ನೋಡ್ತಿದ್ದೆ. 2016ರ ಕೊನೆಯಲ್ಲಿ ಬಿಟ್ಟೆ. ಮಗಳಿಗೆ ಆಗ ಎರಡು ವರ್ಷ, ಮಾವನವರು ಹಾಸಿಗೆ ಹಿಡಿದಿದ್ದರು. ಆ ಹೊತ್ತಿಗೆ ಅದು ಸರಿಯಾದ ತೀರ್ಮಾನ, ಇವತ್ತಿಗೂ ಹಾಗೇ ಅನ್ನಿಸುತ್ತೆ. ಮಾವನವರು ಹೋದರು, ಮಗಳು ದೊಡ್ಡವಳಾದಳು, ಅತ್ತೆಗೆ ಈಗ ಎಪ್ಪತ್ತಾರು. ಮನೆ ನಡೀತಾ ಇದೆ. ಆದರೆ ಕಳೆದ ಮಳೆಗಾಲದಲ್ಲಿ ನನಗೆ ಬೆಳಿಗ್ಗೆ ಏಳೋದೇ ಭಾರ ಆಗೋಕೆ ಶುರುವಾಯ್ತು. ಮುಂಬಯಿ ಮಳೆ ಗೊತ್ತಲ್ಲ, ಜುಲೈನಲ್ಲಿ ಬಟ್ಟೆ ಮೂರು ದಿನ ಆದರೂ ಒಣಗಲ್ಲ, ಹಾಲ್ ತುಂಬಾ ಹಗ್ಗ, ಒದ್ದೆ ವಾಸನೆ. ಜೋರು ಮಳೆ ಬಂದರೆ ಕಿಂಗ್ಸ್ ಸರ್ಕಲ್ ಕಡೆ ನೀರು ನಿಲ್ಲುತ್ತೆ, ಹೊರಗೆ ಕಾಲಿಡೋ ಹಾಗಿಲ್ಲ. ರಾತ್ರಿ ಮಲಗುವಾಗ ಒಂದೇ ಮಾತು ತಲೇಲಿ: ಇವತ್ತು ಏನು ಮಾಡಿದೆ? ಏನೂ ಇಲ್ಲ.

ಈ 'ಏನೂ ಇಲ್ಲ' ಅನ್ನೋದನ್ನ ಸ್ವಲ್ಪ ಬಿಡಿಸಿ ನೋಡೋಣ.

ಮನೆಗೆಲಸಕ್ಕೆ ಒಂದು ವಿಚಿತ್ರ ಗುಣ ಇದೆ. ಮಾಡಿದರೆ ಕಾಣಲ್ಲ, ಬಿಟ್ಟರೆ ಕಾಣುತ್ತೆ. ತೊಳೆದ ಪಾತ್ರೆ ಯಾರ ಕಣ್ಣಿಗೂ ಬೀಳಲ್ಲ, ಸಿಂಕ್‌ನಲ್ಲಿರೋ ಪಾತ್ರೆ ಎಲ್ಲರ ಕಣ್ಣಿಗೂ ಬೀಳುತ್ತೆ. ಬೆಳಿಗ್ಗೆ ಮಾಡಿದ ಹುಳಿ ಮಧ್ಯಾಹ್ನಕ್ಕೆ ಖಾಲಿ. ಸಂಜೆ ಮತ್ತೆ ಮೊದಲಿಂದ. ಆಫೀಸಿನಲ್ಲಿ ಮಾರ್ಚ್ 31ಕ್ಕೆ ಪುಸ್ತಕ ಮುಚ್ಚುತ್ತೆ. ಮನೆಯ ಪುಸ್ತಕ ಮುಚ್ಚೋದೇ ಇಲ್ಲ.

ನಮ್ಮ ಮಾಟುಂಗದಲ್ಲೇ ನೋಡಿ. ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರಿಂದ ನಡೀತಾ ಇದೆ. ಅಲ್ಲೂ ಅನ್ನ, ಸಾರು, ಪಲ್ಯ. ನಮ್ಮನೇಲೂ ಅನ್ನ, ಸಾರು, ಪಲ್ಯ. ಅಲ್ಲಿ ಊಟಕ್ಕೆ ಬೆಲೆ ಇದೆ, ಅಡುಗೆಯವರಿಗೆ ಸಂಬಳ ಇದೆ. ಹಾಗೇ ನಮ್ಮ ಸೆಂಟ್ರಲ್ ಲೈನಿನ ಮಾಟುಂಗ ಸ್ಟೇಷನ್. 2017ರಿಂದ ಪೂರ್ತಿ ಹೆಂಗಸರೇ ನಡೆಸೋ ಸ್ಟೇಷನ್ ಅಂತ ದೇಶಕ್ಕೇ ಹೆಸರಾಯ್ತು. ಟಿಕೆಟ್ ಕೌಂಟರ್ ಹತ್ರ ನಿಂತಾಗ ನನಗೆ ಹೊಟ್ಟೆಕಿಚ್ಚು ಆಗೋದು ಅವರ ಯೂನಿಫಾರ್ಮ್ ನೋಡಿ ಅಲ್ಲ. ಅವರಿಗೆ ಡ್ಯೂಟಿ ಮುಗಿಯೋ ಹೊತ್ತು ಅಂತ ಒಂದಿದೆ. ಇನ್ನೊಬ್ಬರು ಬಂದು ಆ ಕುರ್ಚಿಯಲ್ಲಿ ಕೂರ್ತಾರೆ. ನಮ್ಮ ಅಡುಗೆಮನೆಗೆ ಎರಡನೇ ಶಿಫ್ಟಿನವರು ಬರಲ್ಲ, ಅಲ್ವಾ?

ಇದು ನನ್ನೊಬ್ಬಳ ಗೋಳು ಅಂದ್ಕೋಬೇಡಿ. 2019ರಲ್ಲಿ ಕೇಂದ್ರ ಸರ್ಕಾರದ ಸಾಂಖ್ಯಿಕ ಕಚೇರಿ, ಜನ ದಿನದ 24 ಗಂಟೆಯನ್ನ ಹೇಗೆ ಕಳೀತಾರೆ ಅಂತ ದೇಶದಾದ್ಯಂತ ಸಮೀಕ್ಷೆ ಮಾಡಿತು. ಸಂಬಳವಿಲ್ಲದ ಮನೆಗೆಲಸ ಮಾಡೋ ಹೆಂಗಸರು ಶೇಕಡಾ 81, ಗಂಡಸರು ಶೇಕಡಾ 26. ಹಾಗೆ ಮಾಡೋವರಲ್ಲಿ ಹೆಂಗಸರು ಅದಕ್ಕೆ ಕೊಡೋದು ದಿನಕ್ಕೆ 299 ನಿಮಿಷ, ಗಂಡಸರು 97 ನಿಮಿಷ. 2024ರಲ್ಲಿ ಮತ್ತೆ ಕೇಳಿದಾಗ 289 ಮತ್ತು 88. ಐದು ವರ್ಷದಲ್ಲಿ ಹೆಂಗಸರಿಗೆ ಉಳಿದದ್ದು ಹತ್ತು ನಿಮಿಷ. ಗಂಡಸರಿಗೂ ಒಂಬತ್ತು ನಿಮಿಷ ಉಳಿಯಿತು, ಆ ಮಾತು ಬೇರೆ!

ಸುಪ್ರೀಂ ಕೋರ್ಟಿನಲ್ಲೂ ಈ ಮಾತು ಬಂದಿದೆ. 2014ರಲ್ಲಿ ದೆಹಲಿಯ ರಸ್ತೆ ಅಪಘಾತದಲ್ಲಿ ಗಂಡ ಹೆಂಡತಿ ಇಬ್ಬರೂ ತೀರಿಕೊಂಡರು. ಆಕೆ ಗೃಹಿಣಿ. ಪರಿಹಾರ ಕೊಡುವಾಗ ಆಕೆಯ ಆದಾಯ ಎಷ್ಟು ಅಂತ ಲೆಕ್ಕ ಹಾಕಬೇಕಲ್ಲ? 2021ರ ಜನವರಿಯಲ್ಲಿ ಬಂದ ತೀರ್ಪಿನಲ್ಲಿ ನ್ಯಾಯಮೂರ್ತಿ ಎನ್.ವಿ. ರಮಣ ಅವರು ಇದೇ 299 ಮತ್ತು 97 ನಿಮಿಷದ ಅಂಕಿಗಳನ್ನ ಎತ್ತಿ ಹೇಳಿ, ಮನೆಗೆಲಸಕ್ಕೂ ಆರ್ಥಿಕ ಮೌಲ್ಯ ಇದೆ ಅಂತ ಬರೆದರು. ಓದಿದಾಗ ಸಮಾಧಾನವೂ ಆಯ್ತು, ಸಂಕಟವೂ ಆಯ್ತು. ಒಬ್ಬ ಹೆಂಗಸಿನ ದಿನದ ಲೆಕ್ಕ ಬರೆಯೋಕೆ ಆಕೆ ಸಾಯೋವರೆಗೂ ಕಾಯಬೇಕಾ?

ಹಾಗಾಗಿ ನಾನೇ ಬರೆಯೋಕೆ ಶುರು ಮಾಡಿದೆ. ಮಾರ್ಕೆಟ್ ಹತ್ರ ಒಂದು ಇನ್ನೂರು ಪುಟದ ನೋಟ್‌ಬುಕ್ ತಂದೆ. ಮೂರು ಕಾಲಂ ಹಾಕಿದೆ. ಮೊದಲನೇದು ಹೊತ್ತು. ಎರಡನೇದು ಕೆಲಸ. ಮೂರನೇದು 'ಇದನ್ನ ಬೇರೆಯವರು ಮಾಡಬಹುದಾ?' ಅಲಂಕಾರ ಏನಿಲ್ಲ, ದಿನಚರಿ ಬರೆಯೋ ಥರ ಭಾವನೆಗಳನ್ನೂ ಬರೀಲಿಲ್ಲ. 5.30, ನೀರು ಬಂತು, ಡ್ರಮ್ ತುಂಬಿಸಿದ್ದು. 6.15, ಡಬ್ಬಿಗೆ ಚಪಾತಿ. 7.00, ಅತ್ತೆಯ ಮಾತ್ರೆ. 11.00, ಬ್ಯಾಂಕು, ಲೈಟ್ ಬಿಲ್. ಹೀಗೇ ಒಂದು ವಾರ.

ಏಳು ದಿನದ ಲೆಕ್ಕ ಕೂಡಿದೆ. ದಿನಕ್ಕೆ ಸರಾಸರಿ ಎಂಟು ಗಂಟೆ ಇಪ್ಪತ್ತು ನಿಮಿಷ. ಪಾತ್ರೆಗೆ ಬಾಯಿ ಬರ್ತಾರೆ, ಆದರೂ ಇಷ್ಟು. ರಾತ್ರಿ ಮತ್ತೆ ತಲೆ 'ಏನೂ ಇಲ್ಲ' ಅಂತ ಶುರು ಮಾಡಿದಾಗ ಪುಸ್ತಕ ತೆಗೆದು ನೋಡಿದೆ. ತಲೆ ಒಂದು ಹೇಳ್ತಿತ್ತು, ಪುಸ್ತಕ ಇನ್ನೊಂದು ಹೇಳ್ತಿತ್ತು. ಅಕೌಂಟ್ಸ್‌ನಲ್ಲಿ ಒಂದು ಅಭ್ಯಾಸ ಇದೆ, ಬಾಯಿಮಾತಿಗೂ ವೋಚರ್‌ಗೂ ತಾಳೆ ಆಗದಿದ್ದರೆ ವೋಚರ್ ನಂಬಬೇಕು.

ಆದರೆ ಆ ವಾರದಲ್ಲಿ ಇನ್ನೊಂದು ವಿಷಯ ಕಾಣಿಸಿತು. ಎಂಟು ಗಂಟೆಯ ಪಟ್ಟಿಯಲ್ಲಿ ನನಗೋಸ್ಕರ ಅಂತ ಮಾಡಿದ್ದು ಒಂದು ಸಾಲೂ ಇರಲಿಲ್ಲ. ವಾಕಿಂಗ್ ಇಲ್ಲ, ಓದಿಲ್ಲ, ಅಕ್ಕನಿಗೆ ಫೋನ್ ಕೂಡ ಇಲ್ಲ. ಮನಸ್ಸು ಸರಿ ಹೋದ ಮೇಲೆ ಮಾಡೋಣ ಅಂತ ಎಲ್ಲವನ್ನೂ ಮುಂದಕ್ಕೆ ಹಾಕಿದ್ದೆ.

ಇಲ್ಲಿ ಸ್ವಲ್ಪ ಓದಿದ್ದನ್ನ ಹೇಳ್ತೀನಿ. 1970ರ ದಶಕದಲ್ಲಿ ಪೀಟರ್ ಲೆವಿನ್‌ಸನ್ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞರು ಒಂದು ಸರಳ ಮಾತು ಹೇಳಿದರು. ಮಂಕಾದಾಗ ಮನುಷ್ಯ ಖುಷಿ ಕೊಡೋ ಕೆಲಸಗಳನ್ನ ಒಂದೊಂದಾಗಿ ಬಿಡ್ತಾನೆ. ಬಿಟ್ಟಷ್ಟೂ ಖುಷಿ ಬರೋ ದಾರಿ ಮುಚ್ಚುತ್ತೆ. ಮುಚ್ಚಿದಷ್ಟೂ ಇನ್ನೂ ಮಂಕು. ಈ ಚಕ್ರ ಮುರಿಯೋಕೆ ಮನಸ್ಸು ಬರಲಿ ಅಂತ ಕಾಯಬಾರದು, ಮೊದಲು ಸಣ್ಣದೊಂದು ಕೆಲಸ ಮಾಡಬೇಕು, ಮನಸ್ಸು ಹಿಂದಿನಿಂದ ಬರುತ್ತೆ.

ಇದು ಬರೀ ಉಪದೇಶ ಅಲ್ಲ. ನಮ್ಮ ಪಕ್ಕದ ಗೋವಾದಲ್ಲೇ ಇದನ್ನ ಪರೀಕ್ಷೆ ಮಾಡಿದ್ದಾರೆ. ವಿಕ್ರಮ್ ಪಟೇಲ್ ಮತ್ತು 'ಸಂಗಾತ್' ಸಂಸ್ಥೆಯವರು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ಡಾಕ್ಟರಲ್ಲದ ಸ್ಥಳೀಯರಿಗೇ ತರಬೇತಿ ಕೊಟ್ಟು, ತೀವ್ರ ಖಿನ್ನತೆ ಇದ್ದ ಸುಮಾರು ಐನೂರು ಜನರ ಮೇಲೆ ಅಧ್ಯಯನ ನಡೆಸಿದರು. ಅರ್ಧ ಜನರಿಗೆ ಇಂಥ ಆರೆಂಟು ಭೇಟಿಗಳು, ಉಳಿದವರಿಗೆ ಮಾಮೂಲಿ ಚಿಕಿತ್ಸೆ. ಮೂರು ತಿಂಗಳಲ್ಲಿ ಮೊದಲನೇ ಗುಂಪಿನಲ್ಲಿ ಶೇಕಡಾ 64 ಜನ ಖಿನ್ನತೆಯಿಂದ ಹೊರಬಂದಿದ್ದರು, ಎರಡನೇದರಲ್ಲಿ ಶೇಕಡಾ 39. 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಗಿದೆ.

ನಾನು ಪುಸ್ತಕದಲ್ಲಿ ಒಂದು ನಿಯಮ ಹಾಕ್ಕೊಂಡೆ. ದಿನಕ್ಕೆ ಒಂದು ಸಾಲು ನನ್ನದು, ಅದಕ್ಕೆ ಹೊತ್ತು ಮೊದಲೇ ಬರೆದಿಡೋದು. 4.30, ಫೈವ್ ಗಾರ್ಡನ್ಸ್‌ವರೆಗೆ ನಡೆದು ಬರೋದು. ಮನಸ್ಸಿಲ್ಲದಿದ್ದರೂ ಚಪ್ಪಲಿ ಹಾಕೋದು. ಕೆಲವು ದಿನ ಬಿಲ್ಡಿಂಗಿನ ಗೇಟ್‌ವರೆಗೆ ಹೋಗಿ ವಾಪಸ್ ಬಂದಿದ್ದೀನಿ, ಅದನ್ನೂ ಬರೆದಿದ್ದೀನಿ. ಒಂದು ಭಾನುವಾರ ಭಾವು ದಾಜಿ ರಸ್ತೆಯ ಮೈಸೂರು ಅಸೋಸಿಯೇಷನ್‌ನಲ್ಲಿ ಕನ್ನಡ ಕಾರ್ಯಕ್ರಮಕ್ಕೆ ಹೋಗಿ ಕೊನೇ ಸಾಲಿನಲ್ಲಿ ಕೂತೆ. 1926ರಲ್ಲಿ ಶುರುವಾದ ಸಂಸ್ಥೆ ಅದು. ಊರು ಬಿಟ್ಟು ಬಂದವರಿಗೆ ನಾಲ್ಕು ಮಾತು ಆಡೋಕೆ ಒಂದು ಜಾಗ ಬೇಕು ಅಂತ ನೂರು ವರ್ಷದ ಹಿಂದಿನವರಿಗೂ ಗೊತ್ತಿತ್ತಲ್ಲ! ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು "ಯಾವೂರಮ್ಮ ನಿಂದು?" ಅಂತ ಕೇಳಿದರು. "ಹಾಸನದ ಕಡೆ" ಅಂದೆ. ಅಷ್ಟೇ ಮಾತು. ಮನೆಗೆ ಬರುವಾಗ ಕಾಲು ಹಗುರಾಗಿತ್ತು.

ಈಗ ಉದ್ಯೋಗದ ವಿಷಯ. ಹೋದ ತಿಂಗಳು ದಾದರ್‌ನ ಒಂದು ಸಣ್ಣ ಆಫೀಸಿನಿಂದ ಕರೆ ಬಂತು. ದಿನಕ್ಕೆ ನಾಲ್ಕೂವರೆ ಗಂಟೆ, ಅಕೌಂಟ್ಸ್ ಕೆಲಸ, ಸೋಮವಾರದೊಳಗೆ ಉತ್ತರ ಹೇಳಿ ಅಂದರು. ಖುಷಿಗಿಂತ ಮೊದಲು ಭಯ ಬಂತು. ನಾನು ಬಿಟ್ಟಾಗ ವ್ಯಾಟ್ ಕಾಲ. ಜಿಎಸ್‌ಟಿ ಬಂದದ್ದು 2017ರ ಜುಲೈ 1ಕ್ಕೆ. ಒಂದು ದಿನವೂ ನಾನು ಅದರಲ್ಲಿ ಕೆಲಸ ಮಾಡಿಲ್ಲ. ನಲವತ್ಮೂರು ವಯಸ್ಸಿಗೆ ಇಪ್ಪತ್ನಾಲ್ಕರ ಹುಡುಗರ ಮುಂದೆ ಕೂತು ಏನು ಕೇಳಲಿ?

ಆಮೇಲೆ ಯೋಚನೆ ಮಾಡಿದೆ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರಗಳೇ ಬದಲಾದವು, ಹೆಚ್ಚಿನ ವಸ್ತುಗಳು 5 ಅಥವಾ 18ಕ್ಕೆ ಬಂದವು. ಎಂಟು ವರ್ಷದಿಂದ ಅದನ್ನೇ ಮಾಡ್ತಿದ್ದವರೂ ಆವತ್ತು ಹೊಸದಾಗಿ ಪಟ್ಟಿ ಹಿಡಿದು ಕೂರಬೇಕಾಯ್ತು. ನಿಯಮ ಎಲ್ಲರಿಗೂ ಬದಲಾಗುತ್ತೆ. ಡೆಬಿಟ್, ಕ್ರೆಡಿಟ್ ಬದಲಾಗಲ್ಲ. ನನ್ನ ನಿಜವಾದ ತೊಂದರೆ 'ನನಗೆ ಬರುತ್ತಾ' ಅನ್ನೋದಲ್ಲ, 'ನಾಲ್ಕೂವರೆ ಗಂಟೆ ಎಲ್ಲಿಂದ ತರಲಿ' ಅನ್ನೋದು. ಅದಕ್ಕೆ ಉತ್ತರ ನನ್ನ ಹತ್ರ ಬರೆದಿಟ್ಟಿತ್ತು, ಮೂರನೇ ಕಾಲಂನಲ್ಲಿ.

ಶನಿವಾರ ರಾತ್ರಿ ಊಟ ಆದ ಮೇಲೆ ಪುಸ್ತಕ ತಂದು ಮಧ್ಯದಲ್ಲಿಟ್ಟೆ. ಇವರು ಒಳ್ಳೆಯವರೇ, 8.12ರ ಲೋಕಲ್ ಹಿಡಿದರೆ ರಾತ್ರಿ ಎಂಟೂವರೆಗೆ ಬರೋದು. ಪುಟ ತಿರುಗಿಸಿದರು. "ನೀರು ತುಂಬಿಸೋಕೆ ಅರ್ಧ ಗಂಟೆ ಬೇಕಾ?" ಅಂದರು. "ನಾಳೆ ನೀವೇ ಎದ್ದು ನೋಡಿ" ಅಂದೆ. ಎದ್ದರು. ನಲವತ್ತು ನಿಮಿಷ ಆಯ್ತು. ಆವತ್ತಿಂದ ಆ ಸಾಲು ಅವರದು, ಸಂಜೆ ಪಾತ್ರೆಯೂ ಅವರದೇ. ಮಗಳು ತನ್ನ ಡಬ್ಬಿ, ಬಟ್ಟೆ ಮಡಿಸೋದು ತಗೊಂಡಳು, ಮುಖ ಊದಿಸಿಕೊಂಡೇ. ಅತ್ತೆ ಸುಮ್ಮನೆ ಕೂತಿದ್ದರು. ಕೊನೆಗೆ, "ನನ್ನ ಮಾತ್ರೆ ನಾನೇ ತಗೋಬಲ್ಲೆ ಕಣೇ, ನೀನು ಕೊಡ್ತೀಯ ಅಂತ ಕಾಯ್ತೀನಿ ಅಷ್ಟೇ. ಸೊಪ್ಪು, ಅವರೆಕಾಯಿ ಬಿಡಿಸೋದು ನನಗೆ ಬಿಡು" ಅಂದರು.

ಕೂಡಿದರೆ ಎರಡೂಮುಕ್ಕಾಲು ಗಂಟೆ ಬಂತು. ನಾಲ್ಕೂವರೆ ಆಗಲಿಲ್ಲ. ಉಳಿದದ್ದಕ್ಕೆ ಕೆಲವು ಕೆಲಸ ವಾರಕ್ಕೊಮ್ಮೆ ಆಗುತ್ತೆ, ಕೆಲವು ಆಗೋದೇ ಇಲ್ಲ. ಬೀರು ಮೇಲಿನ ಧೂಳು ಅಲ್ಲೇ ಇರಲಿ. ಸೋಮವಾರ ಫೋನ್ ಮಾಡಿ, ಮೂರು ತಿಂಗಳಿಗೆ ಬರ್ತೀನಿ, ಆಮೇಲೆ ನೋಡೋಣ ಅಂದೆ. ಮುಂದಿನ ಒಂದನೇ ತಾರೀಖಿಂದ ಶುರು. ಭಯ ಇದೆ, ಹೋಗಿಲ್ಲ.

ಕೊನೆಯದಾಗಿ ಒಂದು ಮಾತು, ದಯವಿಟ್ಟು ಇದನ್ನ ಪೂರ್ತಿ ಕೇಳಿ. ನೋಟ್‌ಬುಕ್ ಔಷಧಿ ಅಲ್ಲ. ಎರಡು ವಾರದಿಂದ ಹೆಚ್ಚುಕಮ್ಮಿ ಪ್ರತಿದಿನ ಮನಸ್ಸು ಕುಗ್ಗಿದ್ದರೆ, ಇಷ್ಟದ ಕೆಲಸವೂ ಬೇಡ ಅನ್ನಿಸಿದರೆ, ನಿದ್ದೆ, ಊಟ ಕೆಟ್ಟಿದ್ದರೆ ಡಾಕ್ಟರ ಹತ್ರ ಹೋಗಿ. ಥೈರಾಯ್ಡ್, ರಕ್ತಹೀನತೆ ಇದ್ದರೂ ಹೀಗೆ ಆಗಬಹುದು, ರಕ್ತ ಪರೀಕ್ಷೆ ಮಾಡಿಸಿ. ನನಗೂ ನಮ್ಮ ಡಾಕ್ಟರ್ ಮೊದಲು ಅದನ್ನೇ ಬರೆದುಕೊಟ್ಟರು. ನಮ್ಮ ಹತ್ತಿರದ ಸಯನ್ ಆಸ್ಪತ್ರೆಯಲ್ಲೂ, ಪರೇಲ್‌ನ ಕೆ.ಇ.ಎಂ.ನಲ್ಲೂ ಮನೋವೈದ್ಯರ ವಿಭಾಗ ಇದೆ. ಮನೆಯಿಂದ ಹೊರಡೋಕೆ ಆಗದಿದ್ದರೆ ಟೆಲಿ ಮಾನಸ್‌ಗೆ ಫೋನ್ ಮಾಡಿ, ನಂಬರ್ 14416. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರಿ ಸೇವೆ, ಹಗಲು ರಾತ್ರಿ ಇರುತ್ತೆ, ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡಬಹುದು. ಬದುಕೋದೇ ಬೇಡ ಅನ್ನೋ ಯೋಚನೆ ಬಂದಿದ್ದರೆ ನಾಳೆಗೆ ಇಡಬೇಡಿ. ಈಗಲೇ ಫೋನ್ ಮಾಡಿ, ಪಕ್ಕದಲ್ಲಿರೋ ಒಬ್ಬರಿಗೆ ಹೇಳಿ.

ಉಳಿದವರಿಗೆ ಒಂದೇ ಕೆಲಸ ಕೊಡ್ತೀನಿ. ಇವತ್ತು ರಾತ್ರಿ ಮಲಗೋ ಮುಂಚೆ, ಹಳೇ ಕ್ಯಾಲೆಂಡರ್ ಹಿಂದೆ ಆದರೂ ಪರವಾಗಿಲ್ಲ, ಇವತ್ತು ಮಾಡಿದ್ದೆಲ್ಲ ಬರೀರಿ. ಕೊನೆಗೆ ನಾಳೆಯ ಒಂದು ಸಾಲು ಬರೀರಿ, ಹೊತ್ತು ಹಾಕಿ, ನಿಮಗೋಸ್ಕರ. ನಾನು ಕೆಲಸಕ್ಕೆ ಸೇರಿ ಒಂದು ತಿಂಗಳಾದ ಮೇಲೆ ಬಂದು ಲೆಕ್ಕ ಹೇಳ್ತೀನಿ, ಚೆನ್ನಾಗಿ ಆಗಿದ್ದರೂ, ಆಗದಿದ್ದರೂ. ಅಲ್ಲಿವರೆಗೂ ಹುಷಾರಾಗಿರಿ. ನಮಸ್ಕಾರ.