ಕಾದ ಕಾವಲಿಯೂ ತಣ್ಣೀರೂ
(ಸಂಘದ ಸದಸ್ಯರ ಕೂಟದಲ್ಲಿ ಮಾಡಿದ ಭಾಷಣ)



ನಾವು ದಿನವೂ ಕಾದ ಕಾವಲಿಯ ಮುಂದೆ ನಿಂತು ದುಡಿಯುವವರು. ನಮ್ಮ ಹಿರಿಯರಲ್ಲಿ ಕೆಲವರು ಗಿರಣಿಯ ಬಾಯ್ಲರುಗಳ ಆವಿಯನ್ನೂ ಕಂಡವರು. ಶಾಖದ ಲೆಕ್ಕ ಕಾಲೇಜು ಓದಿದವರಿಗೆ ಮಾತ್ರ ಎಂದು ನಾವು ಭಾವಿಸಬೇಕಾದುದಿಲ್ಲ. ನಮ್ಮ ಕೈ ಮುಖಗಳ ಕ್ಷೇಮವೇ ಆ ಲೆಕ್ಕದಲ್ಲಿದೆ.

ಸೂತ್ರ ಒಂದೇ: ಬಿಸಿ ಲೋಹ ಕಳೆದುಕೊಂಡ ಶಾಖವನ್ನು ತಣ್ಣೀರು ಪಡೆಯುತ್ತದೆ, ಎರಡೂ ಸಮನಾದ ಬಿಸಿಗೆ ಬಂದಾಗ ವ್ಯವಹಾರ ಮುಗಿಯುತ್ತದೆ. ಆದರೆ ಎರಡರ ಹಸಿವು ಒಂದೇ ಅಲ್ಲ. ೧ ಕಿಲೋ ನೀರನ್ನು ೧ ಡಿಗ್ರಿ ಕಾಯಿಸಲು ೧ ಕಿಲೋಕ್ಯಾಲರಿ ಶಾಖ ಬೇಕು. ೧ ಕಿಲೋ ಕಬ್ಬಿಣಕ್ಕೆ ಸುಮಾರು ೦.೧೧ ಸಾಕು. ೧೭೬೦ರ ಸುಮಾರಿಗೆ ಗ್ಲಾಸ್ಗೋದ ಪ್ರಾಧ್ಯಾಪಕ ಜೋಸೆಫ್ ಬ್ಲ್ಯಾಕರು ಇಂಥ ಭೇದವನ್ನು ತೋರಿಸಿಕೊಟ್ಟರು.

೫ ಕಿಲೋ ತೂಕದ ಕಬ್ಬಿಣದ ಕಾವಲಿ ೨೩೦ ಡಿಗ್ರಿ ಕಾದಿದೆ ಎನ್ನೋಣ. ಅದನ್ನು ೩೦ ಡಿಗ್ರಿಯ ೧೦ ಕಿಲೋ ನೀರಿನಲ್ಲಿ ಮುಳುಗಿಸಿದರೆ? ಶಾಖದ ಲೆಕ್ಕದಲ್ಲಿ ಆ ಕಾವಲಿ ೦.೫೫ ಕಿಲೋ ನೀರಿಗೆ ಸಮ. ೦.೫೫ನ್ನು ೨೩೦ರಿಂದ ಗುಣಿಸಿದರೆ ೧೨೬.೫, ೧೦ನ್ನು ೩೦ರಿಂದ ಗುಣಿಸಿದರೆ ೩೦೦. ಕೂಡಿದ ೪೨೬.೫ನ್ನು ೧೦.೫೫ರಿಂದ ಭಾಗಿಸಿದರೆ ಸುಮಾರು ೪೦.೪ ಡಿಗ್ರಿ. ಆವಿಗೂ ಪಾತ್ರೆಗೂ ಹೋಗುವ ಶಾಖವನ್ನು ಇಲ್ಲಿ ಬಿಟ್ಟಿದ್ದೇವೆ. ಅಷ್ಟು ಕಾದ ಕಾವಲಿಯಿಂದ ನೀರು ಸ್ನಾನದ ಬಿಸಿಗೆ ಬಂತು, ಅಷ್ಟೇ!

ಈಗ ತಿರುಗಿಸಿ ನೋಡೋಣ. ತೊಳೆಯುವ ಅವಸರದಲ್ಲಿ ಅದೇ ಕಾವಲಿಯ ಮೇಲೆ ಅರ್ಧ ಲೋಟ, ಅಂದರೆ ೧೦೦ ಗ್ರಾಂ, ನೀರು ಸುರಿಯುತ್ತೇವೆ. ಅದನ್ನು ೧೦೦ ಡಿಗ್ರಿಗೆ ಏರಿಸಲು ೭, ಆವಿ ಮಾಡಲು ೫೪, ಒಟ್ಟು ೬೧ ಕಿಲೋಕ್ಯಾಲರಿ ಬೇಕು. ಕಾವಲಿ ೨೩೦ರಿಂದ ೧೦೦ಕ್ಕೆ ಇಳಿಯುವಾಗ ಕೊಡಬಲ್ಲುದು ೭೧.೫. ಒಲೆ ಆರಿದ್ದರೂ ನೀರೆಲ್ಲ ಆವಿಯಾಗುವಷ್ಟು ಶಾಖ ಅದರಲ್ಲಿದೆ! ಆ ಅರ್ಧ ಲೋಟ ನೀರು ಪೂರ್ತಿ ಆವಿಯಾದರೆ ಸುಮಾರು ೧೭೦ ಲೀಟರಾಗಿ ಮುಖಕ್ಕೇ ಏಳುತ್ತದೆ.

ಆವಿಯ ಸುಡುವಿಕೆ ಕುದಿನೀರಿಗಿಂತ ಕ್ರೂರ. ೧ ಗ್ರಾಂ ಕುದಿನೀರು ಮೈಬಿಸಿಗೆ ಇಳಿಯುವಾಗ ಚರ್ಮಕ್ಕೆ ಕೊಡುವುದು ೬೩ ಕ್ಯಾಲರಿ. ೧ ಗ್ರಾಂ ಆವಿಯಾದರೋ ನೀರಾಗುವಾಗಲೇ ೫೪೦ ಕೊಟ್ಟು, ಆಮೇಲೆ ಆ ೬೩ನ್ನೂ ಕೊಡುತ್ತದೆ. ಈ ೫೪೦ಕ್ಕೆ ಗುಪ್ತೋಷ್ಣವೆಂದು ಹೆಸರು.

ಆದುದರಿಂದ ಕಾವಲಿ ತಾನಾಗಿ ತಣಿಯುವವರೆಗೆ ತೊಳೆಯಬಾರದು. 'ಬೇಗ, ಬೇಗ' ಎಂಬ ಕೂಗಿಗೆ ಹೆದರಿ ನೀರು ಸುರಿಯಬಾರದು. ತಣಿಯುವ ಹೊತ್ತೂ ಕೆಲಸದ ಹೊತ್ತೇ ಎಂದು ಮಾಲೀಕರಿಗೆ ನಾವೆಲ್ಲ ಒಟ್ಟಾಗಿ ಹೇಳೋಣ. ದೋಸೆ ಹುಯ್ಯುವ ಮುನ್ನ ಚಿಮುಕಿಸುವ ನೀರು ಹನಿಗಳಷ್ಟೇ ಇರಲಿ. ಆಗಲೂ ಮುಖ ದೂರವಿರಲಿ.

ಕೈ ಸುಟ್ಟರೆ ಹರಿಯುವ ತಣ್ಣೀರಿನ ಕೆಳಗೆ ೨೦ ನಿಮಿಷ ಹಿಡಿಯಬೇಕು. ಹಿಟ್ಟು, ಟೂತ್‌ಪೇಸ್ಟು, ಮಂಜುಗಡ್ಡೆ ಬೇಡ. ಸುಟ್ಟದ್ದು ಹೆಚ್ಚಾದರೆ, ಕಣ್ಣು ಮುಖಗಳಿಗೆ ತಗುಲಿದರೆ, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ೧೦ ಕಿಲೋ ನೀರು ಕಾವಲಿಯ ಸೊಕ್ಕಡಗಿಸಿದಂತೆಯೇ ಹರಿವ ನೀರು ಚರ್ಮದ ಶಾಖವನ್ನು ಒಯ್ಯುತ್ತದೆ.

ಬಂಧುಗಳೇ, ಹೊಸದಾಗಿ ಕೆಲಸಕ್ಕೆ ಸೇರಿದ ಗೆಳೆಯನಿಗೆ ನಾವು ಮೊದಲು ಕಲಿಸಬೇಕಾದ ಲೆಕ್ಕ ಇದೇ.